ಮೂರನೇ ನಂಬರಿನ ಟೆಂಟು

ಅಪ್ಪ ಬಾಡಿಗೆಗೆ ಕೊಡುತ್ತಿದ್ದುದು ಶಾಮಿಯಾನ,
ಗಾಂಧಿ ಬಜಾರಿನ ಹಿಂದಿನ ಗೋಡೌನಿನಿಂದ:
ಕೆಂಪು ಹಳದಿ ಪಟ್ಟೆ, ನಾನೂರು ಕುರ್ಚಿ,
ತಳ ಕರಿ ಹಿಡಿದ ಹನ್ನೆರಡು ಹಂಡೆ.
ಸಾವಿರ ಎಲೆ ಬೀಳದ ಮದುವೆಗೆ
'ಛೇ, ಯಾರೂ ಬರಲಿಲ್ಲವಲ್ಲ' ಎಂದು ಮರುಗುತ್ತಿದ್ದರು
ತಮ್ಮದೇ ಮಗಳ ಮದುವೆಯೇನೋ ಎಂಬಂತೆ.

ನನ್ನದು ಆರೇ ಟೆಂಟು.
ಹೊಸನಗರ ದಾಟಿ ನಿಟ್ಟೂರಿನ ದಾರಿಯಲ್ಲಿ
ಎಡಕ್ಕೆ ಹತ್ತಿದರೆ ಸಿಗುವ ಹುಲ್ಲುಗುಡ್ಡ.
ಗ್ಲ್ಯಾಂಪಿಂಗ್ ಅಂದರೇನು ಮಾರಾಯ, ಎಂದು
ಮೊನ್ನೆಯೂ ಒಬ್ಬರು ಫೋನಿನಲ್ಲಿ ಕೇಳಿದರು.
ಬಟ್ಟೆಮನೆಯೊಳಗೆ ಮಂಚ ಹಾಕೋದು ಸ್ವಾಮಿ,
ಬಿಸಿನೀರಿದೆ, ಕಮೋಡಿದೆ,
ರಾತ್ರಿ ನರಿ ಕೂಗಿದರೆ ಅದಕ್ಕೆ ಬೇರೆ ಬಿಲ್ಲಿಲ್ಲ.

ಮಾಘದ ಕೊನೆಯ ಭಾನುವಾರ.
ನಲವತ್ತೆರಡು ಜನ, ಕೂಸುಗಳೂ ಸೇರಿ.
ಹುಡುಗಿ ಇಂಚರ, ಹಲ್ಲಿನ ಡಾಕ್ಟರು.
ಹುಡುಗ ನಿಶ್ಚಲ, ದುರ್ಗಿಗುಡಿಯಲ್ಲಿ ಸೈಕಲ್ ಅಂಗಡಿ.
ಇಬ್ಬರ ಕೈಯಲ್ಲೂ ಇದ್ದದ್ದು ಅಷ್ಟೇ ದುಡ್ಡು,
ಹಟ ಮಾತ್ರ ಅದಕ್ಕಿಂತ ಒಂದು ತೂಕ ಹೆಚ್ಚು.
ಕರೆಯದೆ ಬಿಟ್ಟವರನ್ನು ಅವಳ ಸೋದರತ್ತೆ
ಬೆರಳು ಮಡಚಿ ಎಣಿಸುತ್ತಲೇ ಗುಡ್ಡ ಹತ್ತಿದರು.

ಉಣುಗಿನ ಕಾಲ.
ಆಸ್ಪತ್ರೆಯವರು ಕೊಟ್ಟ ಎಣ್ಣೆಯ ಸೀಸೆ ಹಿಡಿದು
ಗೇಟಿನಲ್ಲೇ ನಿಂತಿದ್ದೆ.
ಕಾಲುಂಗುರ, ಜರಿಯಂಚು, ಪಾಲಿಶ್ ಹೊಡೆದ ಬೂಟು,
ಎಲ್ಲರ ಹರಡಿಗೂ ಮೊದಲು ಅದು,
ಪನ್ನೀರು ಆಮೇಲೆ.

ಮುಹೂರ್ತ ಒಂಬತ್ತು ನಲವತ್ತು.
ಒಂಬತ್ತು ಇಪ್ಪತ್ತೈದಕ್ಕೆ ಮೂರನೇ ನಂಬರಿನ ಟೆಂಟಿನೊಳಗಿಂದ
ಹುಡುಗಿಯ ದನಿ: ಜಿಪ್ಪು ಬರ್ತಿಲ್ಲ.

ಎಳೆದೆ. ಮಾವ ಎಳೆದರು.
ಅಡುಗೆಯ ಕಲಾವತಿ ಇಕ್ಕಳ ತಂದಳು.
ಕತ್ತರಿಸಿಬಿಡಿ ಅಂದರು ಯಾರೋ.
ನನ್ನೆದೆ ಹಾರಿತು, ಆ ಬಟ್ಟೆಯ ಕಂತು ಇನ್ನೂ ಹದಿನಾಲ್ಕು ಬಾಕಿ.
ಎಳೀಬೇಡಿ, ಅಂದಳು ಒಳಗಿಂದ,
ರೋಗಿಗೆ ಹೇಳುವಷ್ಟೇ ತಣ್ಣಗೆ:
ಒಂದು ಹಲ್ಲು ಸೊಟ್ಟಗಾಗಿದೆ, ಅಷ್ಟೇ.
ನಂಗೆ ಕಾಣ್ತಿದೆ.

ಜೋಯಿಸರು ಗಡಿಯಾರ ನೋಡಿದರು.
ಅಂತರಪಟದ ಶಲ್ಯ ಹಿಡಿದು ಕಾದಿದ್ದ ಹುಡುಗರಿಬ್ಬರನ್ನು ನೋಡಿದರು.
ನಡುವೆ ಬಟ್ಟೆ ಇರಬೇಕು ಅಂತಿದೆ,
ಯಾವ ಬಟ್ಟೆ ಅಂತ ಎಲ್ಲೂ ಇಲ್ಲ,
ಎಂದವರೇ ಕೆಮ್ಮಿ ಗಂಟಲು ಸರಿ ಮಾಡಿಕೊಂಡು
ಟೆಂಟಿನ ಬಾಗಿಲಲ್ಲೇ ಶುರುಮಾಡಿದರು.

ನಿಶ್ಚಲ ಮಂಡಿಯೂರಿದ, ಬಾಸಿಂಗ ಓರೆ.
ದೀಪದ ಎಣ್ಣೆಯಲ್ಲಿ ಬೆರಳದ್ದಿ
ಚೈನಿಗೆ ಹಾಕುವವನಂತೆ ಹನಿ ಹನಿ ಸವರಿದ.
ಒಳಗೆ ಅವಳು ಜಡೆಯ ಪಿನ್ನು ಕಿತ್ತು
ಸೊಟ್ಟ ಹಲ್ಲಿಗೆ ಆನಿಸಿದಳು.
ಸೊಳ್ಳೆಪರದೆಯ ಕಿಟಕಿಯಲ್ಲಿ ಆಗಾಗ
ಒಂದು ಮೂಗುತಿ, ಒಂದು ಹುಬ್ಬು,
ನೋಡಬಾರದು ಎಂದು ಅತ್ತೆ ಗದರಿದರೂ.
ಸಾವಧಾನ, ಸಾವಧಾನ,
ಅಂದದ್ದು ಜೋಯಿಸರೋ, ಅವಳೋ,
ಹೊರಗೆ ನಿಂತ ನಮಗೆ ತಿಳಿಯಲಿಲ್ಲ.

ಟಕ್ಕೆಂದಿತು.
ಬಟ್ಟೆ ಎರಡಾಗಿ ಬಿದ್ದಾಗ
ಅವನಿನ್ನೂ ಮಂಡಿಯ ಮೇಲೆ, ಕೈ ತುಂಬ ಎಣ್ಣೆ,
ಅವಳ ಹಲ್ಲಲ್ಲಿ ಪಿನ್ನು, ಜಡೆ ಅರ್ಧ ಬಿಚ್ಚಿ,
ಅದೇ ಕೈಯಲ್ಲಿ ಜೀರಿಗೆ ಬೆಲ್ಲ ಸಿಕ್ಕಿದಲ್ಲಿ ಎರಚಿಕೊಂಡರು:
ನೆತ್ತಿಗೆ, ಕಿವಿಗೆ, ಟೆಂಟಿಗೆ, ಜೋಯಿಸರ ಕನ್ನಡಕಕ್ಕೆ.
ಅತ್ತೆ ಬೆರಳೆಣಿಕೆ ಬಿಟ್ಟು
ಅಕ್ಷತೆ ಹಾಕಿದರು, ಎರಡೆರಡು ಸಲ.

ಸಂಜೆ ಎಲ್ಲರ ಕಾರೂ ಇಳಿದ ಮೇಲೆ
ಕಟ್ಟಿದ ಹಗ್ಗಗಳನ್ನು ನೋಡುತ್ತ ಕೂತೆ.
ಮದುಮಕ್ಕಳು ತಿರುವು ದಾಟುವ ತನಕ
ಒಂದು ಗೂಟವನ್ನೂ ಅಪ್ಪ ಕೀಳಗೊಡುತ್ತಿರಲಿಲ್ಲ.
ನನಗೆ ಕೀಳುವ ಗೂಟವೇ ಇಲ್ಲ,
ಶುಕ್ರವಾರ ದಾವಣಗೆರೆಯವರು ಬರುತ್ತಾರೆ.

ಬಂದರು. ಜಿಪ್ಪಿನ ಸಾಲಿನಲ್ಲಿ ಇರುವೆ, ಎಂದರು.
ಬ್ರಶ್ ಹಾಕಿ ಉಜ್ಜಿದೆ, ಜೀರಿಗೆ ಉದುರಿತು,
ಬೆಲ್ಲ ಪೂರ್ತಿ ಹೋಗಲಿಲ್ಲ.
ಈಗಲೂ ಅರ್ಧದಲ್ಲಿ ಒಂದು ಕಡೆ ತಡೆಯುತ್ತದೆ.
ಬೀಗದ ಕೈ ಬದಲು ಎಲ್ಲರಿಗೂ ಇದೇ ಮಾತು ಕೊಡುತ್ತೇನೆ:
ಅಲ್ಲಿ ಸ್ವಲ್ಪ ನಿಲ್ಲುತ್ತೆ.
ಎಳೀಬೇಡಿ.